ಹೋಗುವವರು, ಹೋಗಿ ಬರುವವರು

"ಅವ್ವಾ, ನಿಯಮ ಪಾಲಿಸಿದವನಿಗೆ ದೋಷ ತಟ್ಟುತ್ತದೆಯೇ?"

ಪರ್ವತಯ್ಯ ಇದನ್ನು ಕೇಳಿದಾಗ ಮಠದ ಅವ್ವನವರು ಜಗುಲಿಯ ಮೇಲೆ ಕಾಲು ಚಾಚಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಮಠಕ್ಕೆ ಬರುವ ಮುಂಚೆ ಅವರು ನಾಡುನಾಡು ಸುತ್ತಿದವರು. ಒಂದೇ ಜಾಗದಲ್ಲಿ ಕೂರುವುದನ್ನು ಕಲಿತದ್ದು ಮುಪ್ಪಿನಲ್ಲಿ, ಅದೂ ಮೊಣಕಾಲು ಹಟ ಹಿಡಿದ ಮೇಲೆ. ಶಿಷ್ಯನ ಪ್ರಶ್ನೆಗೆ ಅವರು ತಲೆ ಎತ್ತಲಿಲ್ಲ.

"ಯಾವ ನಿಯಮ?"

"ಯಾವುದಾದರೂ ಆಗಲಿ. ಮಾಡಿದವರು ಒಬ್ಬರು, ಪಾಲಿಸುವವರು ಇನ್ನೊಬ್ಬರು. ದೋಷ ಯಾರದು ಅಂತ ಕೇಳಿದೆ."

ಯಾವುದಾದರೂ ಅಲ್ಲ, ಅದು ಯಾವ ನಿಯಮವೆಂದು ಮಠದಲ್ಲಿ ಎಲ್ಲರಿಗೂ ಗೊತ್ತಿತ್ತು. ಶ್ರಾವಣದ ಅನುಷ್ಠಾನ ಮುಗಿಯುವ ತನಕ ಶಿಷ್ಯರು ತಮ್ಮ ಮನೆಯವರೊಂದಿಗೆ ಕೂತು ಮಾತಾಡುವಂತಿರಲಿಲ್ಲ. ಮನೆಯವರು ತಂದ ಪದಾರ್ಥಕ್ಕೆ ಮಾತ್ರ ತಡೆಯಿಲ್ಲ. ಅದು ನೇರವಾಗಿ ದಾಸೋಹದ ಮನೆಗೆ ಹೋಗುತ್ತಿತ್ತು. ಆ ಬೆಳಿಗ್ಗೆ ಬಾಗಿಲು ಕಾಯುವ ಸರದಿ ಪರ್ವತಯ್ಯನದು. ಬಂದವಳು ಅವನ ಸ್ವಂತ ಅಕ್ಕ. ಅವನು ಅವಳ ಕೈಯಿಂದ ಬುತ್ತಿಯನ್ನು ಒಳಗೆ ತೆಗೆದುಕೊಂಡ, ಅವಳನ್ನು ಹೊರಗೆ ನಿಲ್ಲಿಸಿದ. ಅವಳು ಸ್ವಲ್ಪ ಹೊತ್ತು ಬೇವಿನ ಮರದ ಕೆಳಗೆ ನಿಂತಿದ್ದಳು. ಆಮೇಲೆ ಅವನಿಗೆ ಒಂದು ಮಾತು ಹೇಳಿ ಹೊರಟಳು. ಮಧ್ಯಾಹ್ನದ ಪಂಕ್ತಿಯಲ್ಲಿ ಎಲ್ಲರೂ ಅವಳು ತಂದ ಎಳ್ಳಿನ ಹೋಳಿಗೆ ತಿಂದರು. ಪರ್ವತಯ್ಯನೂ ತಿಂದ.

ಅವ್ವನವರು ಮೊರವನ್ನು ಪಕ್ಕಕ್ಕೆ ಸರಿಸಿದರು. "ಕೂತುಕೋ" ಎಂದು ಕತೆ ಹೇಳತೊಡಗಿದರು.

ಒಂದು ಹೊಳೆ. ಹೊಳೆಗೆ ಆಚೆ ಒಬ್ಬ ರಾಜ, ಈಚೆ ಒಬ್ಬ ರಾಜ. ನಡುವೆ ಒಂದು ಕಲ್ಲಿನ ಸೇತುವೆ. ಎರಡೂ ದಡದವರು ಆಡುವ ಮಾತು ಒಂದೇ, ತಟ್ಟುವ ರೊಟ್ಟಿ ಒಂದೇ. ಈಚೆಯವರು ಬೆಲ್ಲ ಕಾಸುತ್ತಿದ್ದರು, ಆಚೆಯವರು ಉಪ್ಪು ತರಿಸುತ್ತಿದ್ದರು. ಹೆಣ್ಣು ಕೊಡುವುದು, ಹೆಣ್ಣು ತರುವುದು ಎಲ್ಲ ಆ ಸೇತುವೆಯ ಮೇಲೆಯೇ.

ಹೀಗಿರುವಾಗ ಒಂದು ಮದುವೆಯಲ್ಲಿ ಮೊದಲ ತಾಂಬೂಲ ಯಾರಿಗೆ ಎಂಬ ಮಾತಿಗೆ ಇಬ್ಬರು ರಾಜರಿಗೂ ಮನಸ್ತಾಪವಾಯಿತು. ಯುದ್ಧಕ್ಕೆ ಖರ್ಚು ಜಾಸ್ತಿ, ರಾಜಿಗೆ ಮಾನ ಅಡ್ಡ. ಆದ್ದರಿಂದ ಇಬ್ಬರೂ ಸೇರಿ ಸೇತುವೆಯ ಎರಡು ತುದಿಗೂ ಅಡ್ಡಮರ ಹಾಕಿಸಿದರು. ಜಗಳವಾಡಿದ ಮೇಲೆ ಅವರು ಒಟ್ಟಿಗೆ ಮಾಡಿದ ಕೆಲಸ ಅದೊಂದೇ.

ಆದರೆ ಸುಂಕವಿಲ್ಲದೆ ಅರಮನೆ ನಡೆಯುವುದಿಲ್ಲ. ಅದಕ್ಕೆ ಆಜ್ಞೆ ಹೀಗಾಯಿತು. ಸರಕು ದಾಟಬಹುದು. ಜನ ಹೋಗಿ ಬರುವಂತಿಲ್ಲ. ಆಚೆಯೇ ಬಾಳುತ್ತೇನೆ ಎನ್ನುವವರು ಒಂದು ಸಲ ಹೋಗಬಹುದು, ಹೋದವರಿಗೆ ತಿರುಗಿ ದಾರಿಯಿಲ್ಲ.

ಸೇತುವೆಯ ನಡುಮಧ್ಯೆ ಹೊರೆ ಇಳಿಸುವ ಕಲ್ಲೊಂದಿತ್ತು. ಈಚೆಯ ಹಮಾಲರು ಬೆಲ್ಲದ ಮೂಟೆಯನ್ನು ಅದರ ಮೇಲಿಟ್ಟು ಹಿಂದೆ ಸರಿಯಬೇಕು. ಆಮೇಲೆ ಆಚೆಯ ಹಮಾಲರು ಬಂದು ಎತ್ತಿಕೊಳ್ಳಬೇಕು. ಉಪ್ಪಿಗೂ ಅದೇ ಕ್ರಮ. ಒಬ್ಬರ ಬೆವರು ಒಬ್ಬರಿಗೆ ತಾಗುವಂತಿಲ್ಲ. ಆದರೂ ಮೂಟೆ ಇಡುವಾಗ, ಎತ್ತುವಾಗ, ಹಮಾಲರು ದೂರದಿಂದಲೇ ನಾಲ್ಕು ಮಾತು ಎಸೆಯುತ್ತಿದ್ದರು. ಎರಡು ದಡದ ಸುದ್ದಿ ಬೆಲ್ಲದ ಜೊತೆ ಹೋಗಿ ಉಪ್ಪಿನ ಜೊತೆ ಬರುತ್ತಿತ್ತು.

ಈಚೆಯ ಅಡ್ಡಮರಕ್ಕೆ ಒಬ್ಬ ಕಾವಲುಗಾರ. ಒಳ್ಳೆಯ ಮನುಷ್ಯ. ಲಂಚ ಮುಟ್ಟುವವನಲ್ಲ, ಗದರಿಸುವವನಲ್ಲ. ಬಂದ ಪ್ರತಿಯೊಬ್ಬರಿಗೂ ಅವನು ಕೇಳಬೇಕಾದ ಪ್ರಶ್ನೆ ಒಂದೇ:

"ಹೋಗುವವರೋ, ಹೋಗಿ ಬರುವವರೋ?"

ಹೋಗುವವರು ಎಂದರೆ ಮರ ಮೇಲೇಳುತ್ತದೆ. ಹೋಗಿ ಬರುವವರು ಎಂದರೆ ತಿರುಗಿ ಮನೆಗೆ.

ಈ ಪ್ರಶ್ನೆಯನ್ನು ಬರೆದುಕೊಟ್ಟ ಅರಮನೆಯ ಪಂಡಿತರಿಗೆ ಒಂದು ವಿಷಯ ಹೊಳೆದಿರಲಿಲ್ಲ. ಅವರೂ ಆ ನಾಡಿನಲ್ಲೇ ಹುಟ್ಟಿದವರು, ಹೊಳೆಯಬೇಕಿತ್ತು. ನಮ್ಮಲ್ಲಿ ಇರುವ ಹಾಗೆಯೇ ಅಲ್ಲಿಯೂ ಹೊಸ್ತಿಲು ದಾಟುವವರು ಯಾರೂ 'ಹೋಗ್ತೀನಿ' ಅನ್ನುವುದಿಲ್ಲ. ನೀರಿಗೆ ಹೊರಟವಳೂ 'ಹೋಗಿ ಬರ್ತೀನಿ' ಅನ್ನುತ್ತಾಳೆ, ಸಂತೆಗೆ ಹೊರಟವನೂ ಅಷ್ಟೇ. ಒಳಗಿದ್ದವರು 'ಹೋಗಿ ಬಾ' ಅನ್ನುತ್ತಾರೆ. ಬರೀ 'ಹೋಗ್ತೀನಿ' ಎಂದರೆ ಮನೆಯವರು ಬಾಯಿ ಮುಚ್ಚಿಸುತ್ತಾರೆ. ಹೋದರು ಎಂಬ ಮಾತನ್ನು ನಾವು ಸತ್ತವರಿಗೆ ಇಟ್ಟುಕೊಂಡಿದ್ದೇವೆ.

ಹೀಗಾಗಿ ಮೊದಮೊದಲು ಅಡ್ಡಮರದ ಹತ್ತಿರದ ಸುಂಕದ ಕಟ್ಟೆಯಲ್ಲಿ ದಿನವೂ ತಮಾಷೆ. ಒಬ್ಬ ಕಮ್ಮಾರ ಅಡಿಗಲ್ಲು, ತಿದಿ, ಹೆಂಡತಿ, ಮಕ್ಕಳು, ಕೋಳಿ ಎಲ್ಲವನ್ನೂ ಗಾಡಿಗೆ ಹೇರಿಕೊಂಡು ಬಂದ.

"ಹೋಗುವವರೋ, ಹೋಗಿ ಬರುವವರೋ?"

"ಹೋಗುವವರೇ, ಸ್ವಾಮಿ. ನಮ್ಮಣ್ಣ ಆ ಕಡೆ ಇದಾನೆ. ಅಲ್ಲೇ ಕುಲುಮೆ ಹಾಕಿಕೊಳ್ತೀವಿ."

ಕಾವಲುಗಾರ ಮರ ಎತ್ತಿದ. ಗಾಡಿ ಹೊರಟಿತು. ಗಾಡಿಯ ಹಿಂದೆ ಕೂತಿದ್ದ ಕಮ್ಮಾರನ ಹೆಂಡತಿ ಅವನನ್ನು ನೋಡಿ ನಕ್ಕು, "ಹೋಗಿ ಬರ್ತೀವಪ್ಪಾ" ಎಂದಳು.

ಆಚೆಯ ತುದಿಯ ಕಾವಲುಗಾರನ ಕಿವಿ ಚುರುಕು. "ಏನಂದಳು ಅವಳು?" ಎಂದು ಅಲ್ಲಿಂದಲೇ ಕೂಗಿದ.

ಗಾಡಿಯನ್ನು ತಿರುಗಿಸಬೇಕಾಯಿತು. ಕಮ್ಮಾರ ಹೆಂಡತಿಯನ್ನು ಬೈದ. ಅವಳು, "ನಾನೆಲ್ಲಿ ಅಂದೆ? ಬಾಯಿ ಅಂತು" ಎಂದಳು. ಕಾವಲುಗಾರನಿಗೆ ಪಾಪ ಎನ್ನಿಸಿತು. ಅವನು ಗಾಡಿಯ ಹತ್ತಿರ ಹೋಗಿ ಮೆಲ್ಲಗೆ, "ತಂಗೀ, ನಾಳೆ ಬನ್ನಿ. ಸೇತುವೆ ದಾಟುವ ತನಕ ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡಿರು" ಎಂದ. ಮರುದಿನ ಅವಳು ಎರಡೂ ಕೆನ್ನೆ ಉಬ್ಬಿಸಿಕೊಂಡು ಬಂದಳು. ಗಾಡಿ ದಾಟಿತು.

ಅಲ್ಲಿಂದ ಮುಂದೆ ಹೋಗುವವರೆಲ್ಲರೂ ಬಾಯಿ ತುಂಬಿಸಿಕೊಂಡೇ ಬರತೊಡಗಿದರು. ಕಟ್ಟೆಯ ಪಕ್ಕದಲ್ಲಿ ಎಲೆ ಅಡಿಕೆಯ ಅಂಗಡಿ ಎದ್ದಿತು. ಸೇತುವೆಯ ಕಲ್ಲೆಲ್ಲ ಕೆಂಪಾಯಿತು. ತಾಂಬೂಲದಿಂದ ಶುರುವಾದ ಜಗಳಕ್ಕೆ ಒಪ್ಪುವ ಬಣ್ಣವೇ ಅನ್ನು.

ಕಾವಲುಗಾರನಿಗೆ ಹೆಸರು ಬಂತು. ಜನಕ್ಕೆ ದಾರಿ ಹೇಳಿಕೊಡುತ್ತಾನೆ, ಆದರೆ ನಿಯಮದಲ್ಲಿ ಕೂದಲೆಳೆಯಷ್ಟೂ ಸಡಿಲ ಬಿಡುವುದಿಲ್ಲ ಎಂದು ಎರಡೂ ದಡದಲ್ಲಿ ಹೊಗಳಿದರು. ಹೊಗಳಿಕೆ ಅವನಿಗೆ ಹಿತವಾಯಿತು. ಯಾರಿಗೆ ಆಗುವುದಿಲ್ಲ?

ಒಂದು ದಿನ ಬೆಲ್ಲದ ವ್ಯಾಪಾರಿ ಅವನನ್ನು ಬದಿಗೆ ಕರೆದ. "ಆಚೆಯ ಹಮಾಲರು ಹೇಳಿದರಪ್ಪಾ. ನಿನ್ನ ಅತ್ತೆ ಹಾಸಿಗೆ ಹಿಡಿದಿದ್ದಾರಂತೆ."

ಕಾವಲುಗಾರನ ಹೆಂಡತಿ ಆಚೆ ದಡದವಳು. ತವರಿನಲ್ಲಿ ಅವಳಿಗೆ ತಾಯಿ ಬಿಟ್ಟರೆ ಯಾರೂ ಇಲ್ಲ, ಆ ತಾಯಿಗೂ ಇವಳೊಬ್ಬಳೇ. ಮಧ್ಯಾಹ್ನ ಮನೆಗೆ ಹೋದವನು ಅವಳು ಉಂಡು ಮುಗಿಸುವ ತನಕ ಕಾದು ಸುದ್ದಿ ಹೇಳಿದ. ಅವಳು ಎದ್ದು ತಲೆಗೂದಲು ಕಟ್ಟಿಕೊಂಡಳು. ಒಂದು ಸೀರೆ ಗಂಟು ಕಟ್ಟಿದಳು. ದೇವರ ಗೂಡಿಗೆ ಮುಖ ಮಾಡಿ "ಹೋಗಿ ಬರ್ತೀನಿ" ಎಂದು ಹೊರಟಳು. ಅವನು ಹಿಂದಿನಿಂದ ಓಡಿ, ಅವಳಿಗಿಂತ ಮುಂಚೆ ಕಟ್ಟೆ ಸೇರಿ, ತನ್ನ ಜಾಗದಲ್ಲಿ ನಿಂತ. ಅವಳು ಅಡ್ಡಮರದ ಮುಂದೆ ಬಂದಳು. ಹಮಾಲರು ಮೂಟೆ ಇಳಿಸಿ ನೋಡುತ್ತಿದ್ದರು. ಆಚೆಯ ಕಾವಲುಗಾರನೂ ನೋಡುತ್ತಿದ್ದ.

"ಹೋಗುವವರೋ, ಹೋಗಿ ಬರುವವರೋ?" ಎಂದ ಅವನು.

"ನನ್ನನ್ನೂ ಕೇಳ್ತೀರಾ?"

"ಎಲ್ಲರನ್ನೂ ಕೇಳ್ತೀನಿ."

"ಹೋಗಿ ಬರುವವಳು. ಅವ್ವನಿಗೆ ನಾಲ್ಕು ದಿನ ಗಂಜಿ ಕುಡಿಸಿ, ಎದ್ದು ಕೂತ ಮೇಲೆ ಬರ್ತೀನಿ. ಇಲ್ಲಿ ನನ್ನ ಮನೆಯಿಲ್ಲವಾ, ಬರದೆ ಎಲ್ಲಿಗೆ ಹೋಗಲಿ?"

"ದಾರಿಯಿಲ್ಲ" ಎಂದ.

ಅವಳು ಗಂಟು ಎತ್ತಿಕೊಂಡು ತಿರುಗಿದಳು. ಸಂಜೆಯ ಹೊತ್ತಿಗೆ ಊರೆಲ್ಲ ಅದೇ ಮಾತು. ಕಟ್ಟಿಕೊಂಡವಳನ್ನೂ ಬಿಡಲಿಲ್ಲವಂತೆ, ಅವನಲ್ಲವೇ ಕಾವಲುಗಾರ. ಅವನಿಗೆ ನಾಚಿಕೆಯೂ ಆಯಿತು, ಎದೆಯೂ ಉಬ್ಬಿತು. ಮನೆಗೆ ಬಂದಾಗ ನಾಚಿಕೆಯನ್ನಷ್ಟೇ ಹೆಂಡತಿಗೆ ತೋರಿಸಿದ.

ಅವನ ಹತ್ತಿರ ಕಾರಣವಿರಲಿಲ್ಲವೆಂದಲ್ಲ. ಈಚೆಯವನು ಒಬ್ಬರನ್ನು ಬಿಟ್ಟರೆ ಆಚೆಯವನು ಸರಕನ್ನೇ ನಿಲ್ಲಿಸುತ್ತಾನೆ. ಬೆಲ್ಲ ಕಾಸುವವರ ಒಲೆ ಆರುತ್ತದೆ, ಹಮಾಲರ ಹೊಟ್ಟೆಗಿಲ್ಲ. ಅದು ನಿಜ. ಅವನು ಹೆಂಡತಿಗೆ ಅದನ್ನೇ ಹೇಳಿದ. ಅವಳು ಕೇಳಿಸಿಕೊಂಡಳು.

"ಹಾಗಾದರೆ ನನ್ನನ್ನೂ ಒಂದು ಬೆಲ್ಲದ ಮೂಟೆಯಲ್ಲಿ ಕಟ್ಟಿ ಕಳಿಸಿಬಿಡಿ" ಎಂದಳು.

"ಬೆಲ್ಲ ತಿರುಗಿ ಬರೋದಿಲ್ಲವಲ್ಲ" ಎಂದು ಅವನು ನಗಿಸಲು ನೋಡಿದ.

"ಅದಕ್ಕೇ ನಿಮ್ಮ ಕಟ್ಟೆಯಲ್ಲಿ ಬೆಲ್ಲಕ್ಕೆ ಅಷ್ಟು ಮರ್ಯಾದೆ."

ಮರುದಿನ ಅವಳು ಗಂಜಿ ಕಾಸಿ, ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ ತಂದಳು. ತಾನು ದಾಟುವಂತಿಲ್ಲ, ಗಂಜಿ ದಾಟಬಹುದು. ಸರಕು ಎಂದ ಮೇಲೆ ಸುಂಕ ಬೇಕು. ಕಾವಲುಗಾರ ಬಟ್ಟೆ ಬಿಚ್ಚಿ, ಒಂದು ಸೌಟು ಗಂಜಿ ತೆಗೆದು ಕಟ್ಟೆಯ ಗಡಿಗೆಗೆ ಸುರಿದು, ಮತ್ತೆ ಬಟ್ಟೆ ಕಟ್ಟಿದ. ಬೆಲ್ಲದ ವ್ಯಾಪಾರಿ ಹಮಾಲರ ಕಡೆ ತಿರುಗಿ, "ನೋಡ್ರಪ್ಪಾ, ಅಳಿಯದೇವರು ಅತ್ತೆಯ ಗಂಜಿಗೂ ಸುಂಕ ಹಿಡಿದರು" ಎಂದ. ಎಲ್ಲರೂ ನಕ್ಕರು. ಹೆಂಡತಿ ನಗಲಿಲ್ಲ. ಗಡಿಗೆ ನಡುಗಲ್ಲಿನ ಮೇಲೆ ಕೂತು, ಆಚೆಯವರ ಕೈ ಸೇರಿ, ಕಣ್ಮರೆಯಾಗುವ ತನಕ ಅವಳು ಅಡ್ಡಮರ ಹಿಡಿದುಕೊಂಡು ನಿಂತಿದ್ದಳು. ಆಮೇಲೆ ಗಂಡನ ಮುಂದೆ ಬಂದು, "ಹೋಗಿ ಬರುವವಳು" ಎಂದಳು. ಅವನು ದಾರಿಯಿಲ್ಲ ಎಂದ.

ದಿನವೂ ಹೀಗೆಯೇ. ಗಂಜಿ ಹೋಗುತ್ತಿತ್ತು, ಬರಿ ಗಡಿಗೆ ಬರುತ್ತಿತ್ತು, ಅವಳು ಕೇಳುತ್ತಿದ್ದಳು, ಅವನು ಇಲ್ಲ ಎನ್ನುತ್ತಿದ್ದ. ಕಮ್ಮಾರನ ಹೆಂಡತಿಗೆ ಹೇಳಿಕೊಟ್ಟ ಉಪಾಯವನ್ನು ಅವನು ತನ್ನ ಹೆಂಡತಿಗೆ ಹೇಳಿಕೊಡಲಿಲ್ಲ. ಹೇಳಿಕೊಟ್ಟರೆ ಅವಳು ಹೋಗುತ್ತಾಳೆ, ಹೋದವಳಿಗೆ ತಿರುಗಿ ದಾರಿಯಿಲ್ಲ. ಇಂದು ಆಜ್ಞೆ ಬದಲಾದೀತು, ನಾಳೆ ಬದಲಾದೀತು ಎಂದು ಕಾಯುತ್ತಿದ್ದ.

ಒಂದು ದಿನ ಗಡಿಗೆ ತುಂಬಿದ್ದು ತುಂಬಿದ ಹಾಗೆಯೇ ತಿರುಗಿ ಬಂತು. ಬೇರೆಯವರ ಕೈಯಿಂದ ಮುದುಕಿ ಬಾಯಿ ತೆರೆಯುವುದಿಲ್ಲವಂತೆ, ಮಗಳ ಹೆಸರು ಹಿಡಿದು ಕರೆಯುತ್ತಾಳಂತೆ. ಹಮಾಲರು ಅಷ್ಟು ಹೇಳಿದರು.

ಹೆಂಡತಿ ಆ ಗಂಜಿಯನ್ನು ಬೇಲಿಯ ಬುಡಕ್ಕೆ ಚೆಲ್ಲಿ, ಗಡಿಗೆ ತೊಳೆದು ಬೋರಲು ಹಾಕಿದಳು. ಗಂಡನ ಪಕ್ಕ ಬಂದು ಕೂತಳು.

"ಇಬ್ಬರೂ ಹೋಗೋಣ. ಅಲ್ಲೂ ಮನೆಯಿದೆ, ತುಂಡು ಹೊಲ ಇದೆ. ಇಬ್ಬರೂ ಹೋಗುವವರು ಅಂದುಬಿಡೋಣ. ಆಗ ತಿರುಗಿ ಬರಬೇಕು ಅನ್ನೋ ಚಿಂತೆಯೇ ಇಲ್ಲ."

ಅವನು ಬಹಳ ಹೊತ್ತು ಯೋಚಿಸಿದ. ಯೋಚಿಸಿದ ಎಂದು ಆಮೇಲೆ ಅವನೇ ತನಗೆ ಹೇಳಿಕೊಳ್ಳುತ್ತಿದ್ದ. ಅವಳಿಗೆ ಕೇಳಿಸಿದ್ದು ಮಾತ್ರ, "ನಾನು ಹೋದರೆ ಕಟ್ಟೆ ನೋಡುವವರು ಯಾರು?"

ಅವಳು ಎದ್ದು ಒಳಗೆ ಹೋದಳು.

ಬೆಳಿಗ್ಗೆ ಅವಳು ಕಟ್ಟೆಗೆ ಬಂದಳು. ಗಡಿಗೆ ಇರಲಿಲ್ಲ. ಸೀರೆಯ ಗಂಟೊಂದಿತ್ತು. ಅವನು ವಾಡಿಕೆಯಂತೆ ಕೇಳಿದ. ಉತ್ತರ ಏನೆಂದು ಗೊತ್ತಿದ್ದುದರಿಂದ ಕೈಯನ್ನು ಆಗಲೇ ಅಡ್ಡ ಹಿಡಿದಿದ್ದ.

"ಹೋಗ್ತೀನಿ" ಎಂದಳು.

ಅವನಿಗೆ ಕೇಳಿಸಿತು. ಕೇಳಿಸದವನಂತೆ ಇನ್ನೊಂದು ಸಲ ಕೇಳಿದ. "ಹೋಗುವವಳೋ, ಹೋಗಿ ಬರುವವಳೋ?"

"ಹೋಗುವವಳು."

ಅವಳ ಬಾಯಲ್ಲಿ ಎಲೆ ಅಡಿಕೆ ಇರಲಿಲ್ಲ. ಅವನು ಅವಳ ಬಾಯನ್ನೇ ನೋಡಿದ. ಉಳಿದ ಮಾತು ಅಭ್ಯಾಸದಿಂದಾದರೂ ಜಾರಿ ಬಿದ್ದೀತು, ಬಿದ್ದರೆ ತಿರುಗಿಸಿ ಕಳಿಸಬಹುದು ಎಂದು ಕಾದ. ಎಷ್ಟೋ ಜನರ ನಾಲಿಗೆ ಅಲ್ಲಿ ಜಾರಿತ್ತು. ಅವಳದು ಜಾರಲಿಲ್ಲ. ಹಮಾಲರು ನೋಡುತ್ತಿದ್ದರು. ಆಚೆಯ ಕಾವಲುಗಾರ ನೋಡುತ್ತಿದ್ದ. ನಿಯಮ ನಿಯಮವೇ. ಅವನು ಮರ ಎತ್ತಿದ. ಅವಳು ದಾಟಿದಳು.

ಉಪ್ಪಿನ ಜೊತೆ ಸುದ್ದಿ ಬಂತು. ತಾಯಿಯನ್ನು ಹಿಂದಿನ ರಾತ್ರಿಯೇ ಮಣ್ಣು ಮಾಡಿದ್ದರಂತೆ.

ಆ ಸಂಜೆ ಆಚೆಯ ತುದಿಯಲ್ಲಿ ಒಬ್ಬ ಹೆಂಗಸು ಸೀರೆಯ ಗಂಟು ಹಿಡಿದು ಈಚೆಗೆ ನೋಡುತ್ತ ನಿಂತಿದ್ದಳು. ಕಾವಲುಗಾರನ ಕೈ ಅಡ್ಡಮರದ ಮೇಲಿತ್ತು. ಹೋದವರಿಗೆ ತಿರುಗಿ ದಾರಿಯಿಲ್ಲ. ಅವನು ನೋಡದವನಂತೆ ಬೆಲ್ಲದ ಮೂಟೆಗಳ ಕಡೆ ತಿರುಗಿದ. ಮತ್ತೆ ತಲೆ ಎತ್ತಿದಾಗ ಅಲ್ಲಿ ಯಾರೂ ಇರಲಿಲ್ಲ.

ಕೆಲವು ಕಾಲ ಕಳೆಯಿತು. ರಾಜರಿಬ್ಬರೂ ಇನ್ನೊಂದು ಮದುವೆಯಲ್ಲಿ ಎದುರಾದರು. ಯಾರೋ ಬುದ್ಧಿವಂತರು ಎರಡು ತಟ್ಟೆಯಲ್ಲಿ ಒಂದೇ ಹೊತ್ತಿಗೆ ತಾಂಬೂಲ ಕೊಟ್ಟರು. ಮನಸ್ತಾಪ ಬಗೆಹರಿಯಿತು. ಅಡ್ಡಮರ ಕಿತ್ತು ಅರವಟ್ಟಿಗೆಗೆ ಹಲಗೆ ಮಾಡಿದರು. ಈಗ ದಾರಿಹೋಕರು ಅದರ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಾರೆ.

ಹೋದವರು ಒಬ್ಬೊಬ್ಬರಾಗಿ ಬಂದು ಹೋಗತೊಡಗಿದರು. ಕಮ್ಮಾರನ ಹೆಂಡತಿಯೂ ಬಂದಳು. ಕಾವಲುಗಾರನನ್ನು ಗುರುತು ಹಿಡಿದು, "ಅಣ್ಣಾ, ಈಗ ಬಾಯಿ ಬಿಟ್ಟು ಮಾತಾಡಬಹುದಾ?" ಎಂದು ನಕ್ಕಳು. ಅವನೂ ನಕ್ಕ. ಅವಳ ಹಿಂದೆ ಯಾರು ಬರುತ್ತಿದ್ದಾರೆಂದು ನೋಡಿದ. ದಿನವೂ ಸೇತುವೆಯ ತುದಿಯಲ್ಲಿ ನಿಂತು ನೋಡಿದ. ಅವನ ಹೆಂಡತಿ ಬರಲಿಲ್ಲ.

ಕೊನೆಗೆ ಒಂದು ದಿನ ಒಗೆದ ಪಂಚೆ ಉಟ್ಟು ತಾನೇ ಹೊರಟ. ಅಡ್ಡಮರ ಹಾಕಿದಂದಿನಿಂದ ಅವನು ನಡುಗಲ್ಲು ದಾಟಿದ್ದು ಅದೇ ಮೊದಲು. ಆಚೆಯ ಕಾವಲುಗಾರನಿಗೂ ಕೆಲಸ ಹೋಗಿತ್ತು. ಅವನು ಸೇತುವೆಯ ತುದಿಯಲ್ಲಿ ಕಡಲೆಕಾಯಿ ಹುರಿಯುತ್ತ ಕೂತಿದ್ದ. ಇವನನ್ನು ಕಂಡು ಸಟ್ಟುಗ ಅಡ್ಡ ಹಿಡಿದು, "ಏನಪ್ಪಾ, ಹೋಗುವವನೋ, ಹೋಗಿ ಬರುವವನೋ?" ಎಂದ.

"ಹೋಗಿ ಬರುವವನು" ಎಂದ ಇವನು. "ಬರುವಾಗ ಇಬ್ಬರು ಬರ್ತೀವಿ."

ಹೆಂಡತಿ ತಾಯಿಯ ಮನೆಯಂಗಳದಲ್ಲಿ ಚಾಪೆಯ ಮೇಲೆ ಸಂಡಿಗೆ ಇಡುತ್ತಿದ್ದಳು. ಅವನನ್ನು ನೋಡಿ ಎದ್ದು ಕೈ ತೊಳೆದುಕೊಂಡಳು. ಜಗುಲಿ ತೋರಿಸಿದಳು. ಒಳಗೆ ಹೋಗಿ ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಒಂದು ಚೂರು ಬೆಲ್ಲ ತಂದಿಟ್ಟಳು. ದೂರದಿಂದ ಬಂದ ನೆಂಟರಿಗೆ ಇಡುವಂತೆ. ಆ ಬೆಲ್ಲ ಅವನ ಕಟ್ಟೆಯನ್ನು ದಾಟಿ ಬಂದದ್ದೇ.

ಅವನು ಬೆಲ್ಲ ಬಾಯಿಗೆ ಹಾಕಿಕೊಂಡ. ನೀರು ಕುಡಿದ. "ದಾರಿ ತೆರೆದಿದೆ" ಎಂದ.

"ಕೇಳಿದೆ."

"ಮನೆಗೆ ಬಾ."

ಅವಳು ಸಂಡಿಗೆಗೆ ಬಂದ ಕಾಗೆಯನ್ನು ಓಡಿಸಿದಳು. "ಹೋಗಿ ಬರ್ತೀನಿ ಅಂದಾಗೆಲ್ಲ ನೀವು ನನ್ನನ್ನು ತಿರುಗಿಸಿದಿರಿ. ಹೋಗ್ತೀನಿ ಅಂದ ದಿನ ಮರ ಎತ್ತಿದಿರಿ. ಈಗ ನಾನು ಯಾವ ಮಾತಿನ ಮೇಲೆ ಬರಲಿ?"

"ನಿಯಮ ಹಾಗಿತ್ತು."

"ಗೊತ್ತು. ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ನಾನು ಅದರ ಹೆಂಡತಿಯಾಗಿರಲಿಲ್ಲ."

ಅವನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳಿದ್ದವು. ಹಮಾಲರ ಹೊಟ್ಟೆ, ಬೆಲ್ಲದ ಒಲೆ, ಆಚೆಯವನ ಕಣ್ಣು. ಎಲ್ಲವೂ ನಿಜ. ಆ ಅಂಗಳದಲ್ಲಿ ಅವುಗಳನ್ನು ಇಳಿಸಲು ಜಾಗ ಕಾಣಲಿಲ್ಲ. ಬಿಸಿಲು ಇಳಿಯಿತು. ಅವನು ಎದ್ದು ಪಂಚೆ ಕೊಡವಿ, ಮೆಟ್ಟಿಲಿಳಿದ. ಅವಳು ಬಾಗಿಲಲ್ಲಿ ನಿಂತಿದ್ದಳು.

"ಹೋಗಿ ಬರ್ತೀನಿ" ಎಂದ. ಬೇಕೆಂದು ಅಂದದ್ದಲ್ಲ, ಬಾಯಿ ಅಂತು.

"ಹೋಗಿ" ಎಂದಳು ಅವಳು.

ಅವನು ಉಳಿದರ್ಧ ಮಾತಿಗೆ ಕಾದ. ಹೋಗಿ ಬನ್ನಿ ಎನ್ನುವುದರಲ್ಲಿ ಅರ್ಧವಷ್ಟೇ ಬಂದಿತ್ತು. ಅವಳು ಅವನ ಮುಖವನ್ನೇ ನೋಡುತ್ತ ನಿಂತಿದ್ದಳು, ಹಿಂದೊಂದು ದಿನ ಅವನು ಅವಳ ಬಾಯನ್ನು ನೋಡುತ್ತ ನಿಂತ ಹಾಗೆ. ಉಳಿದರ್ಧ ಬರಲಿಲ್ಲ.

ಅವನು ಸೇತುವೆ ದಾಟಿದ. ಒಬ್ಬನೇ ಬರುವುದನ್ನು ಕಂಡು ಕಡಲೆಕಾಯಿಯವನು ಬಾಣಲೆಯ ಕಡೆ ತಿರುಗಿದ.

ಅವ್ವನವರು ಕತೆ ನಿಲ್ಲಿಸಿ ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡರು. ಪರ್ವತಯ್ಯನಿಗೆ ಬೇಕಾಗಿದ್ದ ಉತ್ತರ ಇನ್ನೂ ಸಿಕ್ಕಿರಲಿಲ್ಲ.

"ಹಾಗಾದರೆ ಅವ್ವಾ, ಕಾವಲುಗಾರನದು ದೋಷವೋ, ಅಲ್ಲವೋ?"

ಅವ್ವನವರು ಒಂದು ಕಡ್ಡಿ ಸೊಪ್ಪು ಬಿಡಿಸಿದರು. ದಂಟನ್ನು ಒಂದು ಕಡೆ, ಎಲೆಯನ್ನು ಒಂದು ಕಡೆ ಹಾಕಿದರು. ಆಮೇಲೆ ಮೊದಲ ಸಲ ತಲೆ ಎತ್ತಿ ಶಿಷ್ಯನನ್ನು ನೋಡಿದರು.

"ಬೆಳಿಗ್ಗೆ ಬೇವಿನ ಮರದ ಕೆಳಗಿಂದ ಹೊರಡುವಾಗ ನಿನ್ನ ಅಕ್ಕ ಏನಂದಳು?"

"'ಹೋಗ್ತೀನಿ' ಅಂದಳು" ಎಂದ ಪರ್ವತಯ್ಯ.